ಒಂದು ಸೈಡ್ ಪೂರ್ತಿ ಕೇಳುತ್ತೀರಾ, ಬೇಕಾದ ಹಾಡಿಗೇ ಮುಳ್ಳು ಇಡುತ್ತೀರಾ?

ಗುನುಗು:
ಒಂದು ಜಗಳ ಬಗೆಹರಿಸಿ ಕೊಡಿ. ನನ್ನ ತಮ್ಮ ಎಲ್‌ಪಿ (ಸೈಡಿಗೆ ಐದಾರು ಹಾಡು ಹಿಡಿಯುವ ಗ್ರಾಮಫೋನ್ ಪ್ಲೇಟು) ಹಾಕಿದರೆ ನೇರ ಮೂರನೇ ಹಾಡಿಗೆ ಮುಳ್ಳು ಇಡುತ್ತಾನೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಪ್ಲೇಟು ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ನೋಡಿದರೆ ಮೈ ಉರಿಯುತ್ತದೆ. ನಾನು ಹಾಗಲ್ಲ, ಹಾಕಿದರೆ ಸೈಡ್ ಮುಗಿಯುವ ತನಕ ಕೂತ ಜಾಗ ಬಿಡುವುದಿಲ್ಲ, ನಡುವೆ ಅಷ್ಟೇನೂ ಹಿಡಿಸದ ಹಾಡು ಬಂದರೂ ಕೇಳುತ್ತೇನೆ, ಎಷ್ಟೋ ಸಲ ಆ ಹಾಡೇ ಆಮೇಲೆ ಬಾಯಲ್ಲಿ ಉಳಿದುಬಿಡುತ್ತದೆ. "ಹಾಡು ಇರುವುದು ಕೇಳುವುದಕ್ಕೆ, ವ್ರತ ಮಾಡುವುದಕ್ಕಲ್ಲ" ಅಂತಾನೆ ಅವನು. ಆರಿಸಿ ಆರಿಸಿ ಕೇಳುವುದಾದರೆ ಫೋನ್ ಇದೆಯಲ್ಲ, ಇಷ್ಟು ಭಾರದ ಪ್ಲೇಟುಗಳನ್ನು ಯಾಕೆ ಜೋಡಿಸಿಡಬೇಕು ಅನ್ನುವುದು ನನ್ನ ವಾದ.

ನೀವೆಲ್ಲ ಹೇಗೆ ಕೇಳುತ್ತೀರಿ? ಪೂರ್ತಿ ಸೈಡ್ ಕೇಳುವುದರಲ್ಲಿ ನಿಜಕ್ಕೂ ಏನಾದರೂ ಇದೆಯಾ, ಇಲ್ಲಾ ಸುಮ್ನೆ ನನ್ನ ಹಠವಾ?

ಸೈಡ್‌ಬಿ:
ಪೂರ್ತಿ. ಇದರಲ್ಲಿ ಕೇಳುವುದೇನಿದೆ.

ರಾತ್ರಿಪಾಳಿ:
ನಾನು ತಮ್ಮನ ಪಾರ್ಟಿ. ದೀಪದ ಕೆಳಗೆ ಪ್ಲೇಟನ್ನು ಸ್ವಲ್ಪ ಓರೆ ಹಿಡಿದು ನೋಡಿ. ಹಾಡು ಹಾಡಿನ ನಡುವೆ ಒಂದು ತೆಳು ಪಟ್ಟಿ ಹೊಳೆಯುತ್ತದೆ. ಅಲ್ಲಿ ಮುಳ್ಳು ಓಡುವ ಗೆರೆಗಳನ್ನು ಬೇಕೆಂದೇ ದೂರ ದೂರ ಕೊರೆದಿರುತ್ತಾರೆ. ಹಾಡು ಎಲ್ಲಿ ಶುರು ಅಂತ ಕಣ್ಣಿಗೆ ಕಾಣಲಿ, ಮುಳ್ಳು ಅಲ್ಲಿಗೇ ಇಳಿಯಲಿ ಅಂತ ತಾನೇ? ಮಾಡಿದವರೇ ಬಾಗಿಲು ಇಟ್ಟಿದ್ದಾರೆ, ನೀವು ಬೀಗ ಜಡಿಯಬೇಡಿ.

ಸೈಡ್‌ಬಿ:
ಬಾಗಿಲು ಇದೆ ಅಂತ ಮಾತಿನ ಮಧ್ಯೆಯೇ ಎದ್ದು ಹೋಗುವುದಾ?

ಮೊನೆ:
ಜಗಳ ಆಮೇಲೆ ಮಾಡಿ. ಸೈಡ್ ಅನ್ನುವುದು ಹೇಗೆ ರೂಪ ಪಡೆಯುತ್ತದೆ ಅಂತ ಮೊದಲು ನೋಡೋಣ, ಯಾಕೆಂದರೆ ಹಾಡುಗಳ ಕ್ರಮವನ್ನು ಎಷ್ಟೋ ಸಲ ಪ್ಲೇಟೇ ಅರ್ಧ ತೀರ್ಮಾನ ಮಾಡಿರುತ್ತದೆ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಶುರುವಿನಿಂದ ಕೊನೆವರೆಗೂ ಅಷ್ಟೇ. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಚಿಕ್ಕದು. ಲೆಕ್ಕ ಹಾಕಿದರೆ ಹೊರಗೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ, ಒಳಗೆ ಬಂದಾಗ 21ರ ಆಸುಪಾಸು. ಅಂದರೆ ಅದೇ ಒಂದು ಸೆಕೆಂಡಿನ ಹಾಡು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಹಿಡಿಯಬೇಕು. ತಾಳದ ಚುರುಕು ಸದ್ದು, ಹಾಡುವವರ ಸಕಾರ ಶಕಾರ ಎಲ್ಲ ಅಲ್ಲಿ ಒತ್ತೊತ್ತಾಗಿ ಬರುತ್ತವೆ. ದಪ್ಪ ಮೊನೆಗೆ ಅಷ್ಟು ಸಣ್ಣ ತಿರುವುಗಳಲ್ಲಿ ಹೊರಳುವುದಕ್ಕೆ ಆಗುವುದಿಲ್ಲ, ಕರಕರ ಅನ್ನುತ್ತದೆ. ಅದಕ್ಕೇ ಅಬ್ಬರದ ಹಾಡು ಮೊದಲಿಗೆ, ಮೆಲುದನಿಯದು ಕೊನೆಗೆ ಅನ್ನುವುದು ಬಹಳ ಆಲ್ಬಮ್‌ಗಳಲ್ಲಿ ರೂಢಿಯಾಯಿತು.

ಹೊತ್ತಿನ ಲೆಕ್ಕವೂ ಇದೆ. ಸೈಡಿಗೆ 20-22 ನಿಮಿಷ ಇದ್ದರೆ ಆರಾಮ. ಅದಕ್ಕಿಂತ ಜಾಸ್ತಿ ತುರುಕಿದರೆ ಗೆರೆಗಳನ್ನು ಹತ್ತಿರ ಹತ್ತಿರ ತರಬೇಕು, ಸದ್ದು ತಗ್ಗಿಸಬೇಕು, ಬಾಸ್ (ತಗ್ಗಿನ ದನಿ) ಕಡಿಮೆ ಮಾಡಬೇಕು. ಆದ್ದರಿಂದ ಸೈಡ್ ಪೂರ್ತಿ ಕೇಳಿದರೆ ಒಂದು ಏರಿಳಿತ ಸಿಗುತ್ತದೆ ಅನ್ನುವುದು ಗುನುಗು ಅವರ ಭ್ರಮೆಯಲ್ಲ.

ಗುನುಗು:
ಮೊನೆ ಸರ್, ಇದನ್ನು ಪ್ರಿಂಟ್ ತೆಗೆದು ಟರ್ನ್‌ಟೇಬಲ್ ಮೇಲೆ ಅಂಟಿಸುತ್ತೇನೆ.

ನಿಧಾನಿ:
ಒಳಗೆ ಹೋದಂತೆ ಪ್ಲೇಟು ನಿಧಾನ ತಿರುಗುತ್ತದೆ ಅಂತ ನಾನು ಓದಿದ್ದೆನಲ್ಲ?

ಮೊನೆ:
ಇಲ್ಲ, ಅದು ಸಿಡಿ. ಸಿಡಿ ಒಳಗಿನಿಂದ ಹೊರಗೆ ಓಡುತ್ತದೆ, ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಷ್ಟರಲ್ಲಿ 200ರ ಹತ್ತಿರ. ಪ್ಲೇಟಿಗೆ ಆ ಭಾಗ್ಯ ಇಲ್ಲ.

ಶ್ರುತಿಪೆಟ್ಟಿಗೆ:
ಮೊದಲು ಅಬ್ಬರ, ಕೊನೆಗೆ ಮೆಲ್ಲಗೆ ಅನ್ನುವುದು ಸಿನಿಮಾ ಹಾಡು, ಪಾಪ್ ಇವಕ್ಕೆ ಸರಿ. ಶಾಸ್ತ್ರೀಯಕ್ಕೆ ಪೂರ್ತಿ ಉಲ್ಟಾ. ಹಿಂದೂಸ್ತಾನಿ ಎಲ್‌ಪಿ ತಗೊಳ್ಳಿ. ಒಂದು ಸೈಡಿಗೆ ಒಂದೇ ರಾಗ, ಅಂಚಿನಲ್ಲಿ ವಿಸ್ತಾರವಾದ ಜಾಗ ಇರುವಾಗ ನಿಧಾನದ ಆಲಾಪ, ದ್ರುತ್‌ನ (ವೇಗದ ಭಾಗದ) ತಾನುಗಳು ಬರುವಾಗ ಮುಳ್ಳು ಲೇಬಲ್ ಪಕ್ಕದಲ್ಲಿ. ಎಲ್ಲಿ ಚುರುಕು ಬೇಕೋ ಅಲ್ಲೇ ಜಾಗ ಕಮ್ಮಿ. ಪಾಶ್ಚಾತ್ಯ ಸಿಂಫನಿಗಳಿಗೂ ಇದೇ ಗೋಳು, ಇಡೀ ವಾದ್ಯವೃಂದ ಒಟ್ಟಿಗೆ ಗರ್ಜಿಸುವುದು ಕೊನೆಯಲ್ಲೇ. ಅದಕ್ಕಾಗಿಯೇ ಲೇಬಲ್ ಕಡೆಯಿಂದ ಶುರುವಾಗಿ ಹೊರಗೆ ಓಡುವ ಪ್ಲೇಟುಗಳನ್ನೂ ಕೆಲವರು ತಂದಿದ್ದಾರೆ.

ಆದರೂ ನಾನು ಪೂರ್ತಿ ಸೈಡಿನ ಪೈಕಿ. ಆಲಾಪ ಬಿಟ್ಟು ದ್ರುತ್‌ಗೆ ಮುಳ್ಳು ಇಡುವವರ ಜೊತೆ ನನಗೆ ಮಾತಿಲ್ಲ.

ರಾತ್ರಿಪಾಳಿ:
ಹಾಗಾದರೆ ನನ್ನ ಜೊತೆ ಮಾತಿಲ್ಲ :)

ಹೊಸಬ:
ಸಣ್ಣ ಪ್ರಶ್ನೆ, ವಿಷಯಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಎರಡು ಪ್ಲೇಟಿನ ಹಳೇ ಸೆಟ್ ಒಂದು ಸಿಕ್ಕಿದೆ. ಒಂದನೇ ಸೈಡಿನ ಹಿಂದೆ ನಾಲ್ಕನೇ ಸೈಡ್ ಇದೆ, ಎರಡನೆಯದರ ಹಿಂದೆ ಮೂರು. ಲೇಬಲ್ ತಪ್ಪಾಗಿ ಅಂಟಿಸಿದ್ದಾರಾ?

ಅರಗು78:
ತಪ್ಪಲ್ಲ. ಅದು ಚೇಂಜರ್ ಪ್ಲೇಯರ್‌ಗೆ ಅಂತ ಮಾಡಿದ ಸೆಟ್. ಆ ಪ್ಲೇಯರ್‌ಗಳಲ್ಲಿ ನಡುವೆ ಉದ್ದ ಕಡ್ಡಿ ಇರುತ್ತಿತ್ತು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮುಗಿದ ಮೇಲೆ ಮುಂದಿನದು ಧಪ್ ಅಂತ ಅದರ ಮೇಲೆ ಬೀಳುತ್ತದೆ. 1 ಮತ್ತು 2 ಎದ್ದು ಹೋಗದೆ ಕೇಳಬಹುದು. ಆಮೇಲೆ ಇಡೀ ಅಟ್ಟಿಯನ್ನು ಹಾಗೇ ಬೋರಲು ಹಾಕಿದರೆ 3 ಮತ್ತು 4. ಪೂರ್ತಿ ಕೇಳುವವರಿಗೆ ಕಂಪನಿಯವರೇ ಮಾಡಿಕೊಟ್ಟ ಅನುಕೂಲ.

ಸೈಡ್‌ಬಿ:
ಪ್ಲೇಟಿನ ಮೇಲೆ ಪ್ಲೇಟು ಬೀಳುವುದಾ? ಎದೆ ಧಸಕ್ ಅಂತು.

ತಮ್ಮ_ನಾನೇ:
ಅಕ್ಕಾ, ಇಲ್ಲೂ ಬಂದು ದೂರು ಹೇಳಿದ್ದೀಯಾ. ಸರಿ, ನಾನೂ ಖಾತೆ ತೆರೆದೆ.

ಸ್ವಾಮಿ, ಪೂರ್ತಿ ಸೈಡ್ ಕೇಳುವುದೇ ರೆಕಾರ್ಡಿನ ಧರ್ಮ ಅನ್ನುವವರು ಸ್ವಲ್ಪ ಇತಿಹಾಸ ನೋಡಿ. ಬರ್ಲಿನರ್ ಅನ್ನುವವರು ಗ್ರಾಮಫೋನ್‌ಗೆ ಪೇಟೆಂಟ್ ಹಾಕಿದ್ದು 1887ರಲ್ಲಿ. ಕೊಲಂಬಿಯಾ ಕಂಪನಿ ಎಲ್‌ಪಿ ತಂದಿದ್ದು 1948ರಲ್ಲಿ. ನಡುವೆ ಅರವತ್ತು ವರ್ಷ. ಅಷ್ಟೂ ಕಾಲ ಜನ ಕೇಳಿದ್ದು ಹೇಗೆ? ಒಂದು ಸೈಡಿಗೆ ಒಂದು ಹಾಡು, ಮೂರು ಚಿಲ್ಲರೆ ನಿಮಿಷ, ಏಳು, ತಿರುಗಿಸು, ಕೀ ಕೊಡು. ಎಲ್‌ಪಿ ಬಂದ ಮರುವರ್ಷವೇ, 1949ರಲ್ಲಿ, ಆರ್‌ಸಿಎ ಕಂಪನಿ 7 ಇಂಚಿನ 45 (ನಿಮಿಷಕ್ಕೆ 45 ಸುತ್ತಿನ ಪ್ಲೇಟು) ಬಿಟ್ಟಿತು. ಅದೂ ಒಂದು ಸೈಡಿಗೆ ಒಂದು ಹಾಡು. ಹಾಡು ಆರಿಸಿ ಕೇಳುವುದೇ ಹಳೇ ಸಂಪ್ರದಾಯ, ನಿಮ್ಮದೇ ಹೊಸ ಫ್ಯಾಷನ್.

ಇನ್ನೊಂದು ವಿಷಯ. ಅಕ್ಕನ ಕಪಾಟಿನ ಕೆಳಗಿನ ಸಾಲಿನಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದ ಪ್ಲೇಟುಗಳು ಎಷ್ಟಿವೆ ಅಂತ ಕೇಳಿ ನೋಡಿ.

ರಾತ್ರಿಪಾಳಿ:
ಭಲೇ ತಮ್ಮ!

ಅರಗು78:
ತಮ್ಮ ಹೇಳಿದ್ದರಲ್ಲಿ ಸತ್ಯ ಇದೆ. ನಾನು ಕೂಡಿಡುವುದೇ 78ಗಳನ್ನು (ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟುಗಳನ್ನು), ಆದ್ದರಿಂದ ನನ್ನ ಓಟು ಅವರಿಗೇ. 78ರಲ್ಲಿ ಜಾಗ ಇಲ್ಲದ್ದೇ ಒಂದು ಸೊಗಸು. 10 ಇಂಚಿನದು ಮೂರು ನಿಮಿಷಕ್ಕೆ ಮುಗಿಯಿತು, 12 ಇಂಚಿನದಾದರೆ ಇನ್ನೊಂದೆರಡು ನಿಮಿಷ ಹೆಚ್ಚು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ 78 ಹಾಕಿ ನೋಡಿ, ಷಡ್ಜ ಹಿಡಿದ ಕೂಡಲೇ ರಾಗ ಎದುರಿಗೆ ಬಂದು ನಿಂತಿರುತ್ತದೆ. ಸುತ್ತಿ ಬಳಸಿ ಬರುವುದಕ್ಕೆ ಹೊತ್ತೇ ಇಲ್ಲ.

ಆದರೆ ಹಳೇ ಪ್ಲೇಟು ಕೈಗೆ ಸಿಕ್ಕಿದವರು ಎರಡು ಮಾತು ನೆನಪಿಡಿ. ಅವು ಎಲ್‌ಪಿಯ ಹಾಗೆ ವಿನೈಲ್ ಪ್ಲಾಸ್ಟಿಕ್ ಅಲ್ಲ, ಹೆಚ್ಚಿನವು ಅರಗಿನ ಮಿಶ್ರಣ. ಕೈ ಜಾರಿದರೆ ಚೂರು. ಸ್ಪಿರಿಟ್, ಐಸೋಪ್ರೊಪೈಲ್ ಹಾಕಿ ಒರೆಸಿದರೆ ಅರಗು ಕರಗಿ ಗೆರೆಯೇ ಹಾಳಾಗುತ್ತದೆ. ಎಲ್‌ಪಿಗೆ ಕೊಡುವ ಉಪಚಾರ ಇದಕ್ಕೆ ಕೊಡಬೇಡಿ. ಮುಳ್ಳು ಕೂಡ ಬೇರೆ. 78ರ ಗೆರೆ ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ಮೊನೆ ಬೇಕು. ಎಲ್‌ಪಿಯ ಸಣ್ಣ ಮೊನೆ ಇಟ್ಟರೆ ಗೆರೆಯ ತಳದ ಕಸದಲ್ಲೇ ಉರುಳಾಡುತ್ತಾ ಗರಗರ ಅನ್ನುತ್ತದೆ.

ಗುನುಗು:
ಬಿಚ್ಚದವು ಹುಟ್ಟುಹಬ್ಬಕ್ಕೆ ಕೊಡುವುದಕ್ಕೆ ಇಟ್ಟಿರುವುದು. ನಿನಗೇ ಕೊಡಬೇಕಿತ್ತು. ಈಗ ಇಲ್ಲ.

45ರ ವಾದ ಒಪ್ಪುತ್ತೇನೆ, 45ನ್ನು ಹಾಗೆಯೇ ಕೇಳು, ನನ್ನ ಅಡ್ಡಿ ಇಲ್ಲ. ನನ್ನ ಜಗಳ ಎಲ್‌ಪಿ ಬಗ್ಗೆ. ಯಾರೋ ಕೂತು ಐದಾರು ಹಾಡುಗಳಿಗೆ ಒಂದು ಕ್ರಮ ಕೊಟ್ಟಿದ್ದಾರೆ, ಒಂದರ ಶ್ರುತಿ ಇನ್ನೂ ಕಿವಿಯಲ್ಲಿ ಇರುವಾಗ ಇನ್ನೊಂದು ಶುರುವಾಗುವ ಹಾಗೆ ನಡುವಿನ ಮೌನವನ್ನೂ ಅಳೆದಿದ್ದಾರೆ. ಅದನ್ನು ತುಂಡು ಮಾಡಬೇಡ ಅನ್ನುವುದಷ್ಟೇ.

ಕಪಾಟು:
ಬಿಚ್ಚದೆ ಇಡುವ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾನೂ ಕೆಲವು ಸೀಲ್ ಒಡೆಯದೆ ಇಟ್ಟಿದ್ದೇನೆ. ಕವರ್ ಹೊಸದಾಗೇ ಇರುತ್ತದೆ, ನೋಡಿದರೆ ಖುಷಿ. ಇದೂ ಒಂದು ಸಂಗ್ರಹವೇ. ಅಂಚೆಚೀಟಿ ಕೂಡಿಡುವವರನ್ನು ಅದನ್ನು ಯಾಕೆ ಲಕೋಟೆಗೆ ಅಂಟಿಸಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಸೈಡ್‌ಬಿ:
ಕೇಳದ ಪ್ಲೇಟಿಗೆ ಮುಳ್ಳು ಎಲ್ಲಿಟ್ಟರೇನು! ಈ ಚರ್ಚೆಯಲ್ಲಿ ನಿಮಗೆ ಓಟೇ ಇಲ್ಲ.

ಮೊನೆ:
ಕಪಾಟು ಅವರೇ, ಇಟ್ಟುಕೊಳ್ಳಿ, ಆದರೆ ಬಿಗಿ ಪ್ಲಾಸ್ಟಿಕ್ ಮೇಲೆ ಕಣ್ಣಿರಲಿ. ಕೆಲವು ವರ್ಷ ಹೋದಂತೆ ಇನ್ನೂ ಬಿಗಿಯಾಗಿ ಕವರ್ ಮೂಲೆ ಬಾಗಿಸುತ್ತದೆ, ಒಳಗಿನ ಪ್ಲೇಟೂ ಬಾಗಬಹುದು. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಮಲಗಿಸಬೇಡಿ. ಒಳಚೀಲ ಪಿವಿಸಿಯದಾಗಿದ್ದರೆ ಬದಲಿಸಿ. ಅದರೊಳಗಿನ ಮೆದುಗೊಳಿಸುವ ರಾಸಾಯನಿಕ ಹೊರಗೆ ಬಂದು ಪ್ಲೇಟಿನ ಮೇಲೆ ಮಂಜು ಕವಿದ ಹಾಗೆ ಕೂರುತ್ತದೆ. ಎಷ್ಟು ತೊಳೆದರೂ ಹೋಗದ ಸುಯ್ ಸದ್ದು ಆಮೇಲೆ ಖಾಯಂ.

ಅಂಕಿಅಂಶ:
ಇಷ್ಟೆಲ್ಲ ಭಕ್ತಿ ನೋಡಿ ಸುಮ್ಮನಿರಲಾಗಲಿಲ್ಲ. ಕಾಗದದ ಮೇಲೆ ಸಿಡಿಯೇ ಮುಂದೆ. ಅದರ 16 ಬಿಟ್‌ಗೆ 96 ಡೆಸಿಬೆಲ್ ಹರವು (ಅತಿ ಮೆಲು ಸದ್ದಿನಿಂದ ಅತಿ ಜೋರಿನ ತನಕ) ಸಿಗುತ್ತದೆ, ಒಳ್ಳೇ ಎಲ್‌ಪಿಗೂ 70ರ ಹತ್ತಿರ ಬಂದರೆ ಹೆಚ್ಚು. ಜೊತೆಗೆ ಚಟಪಟ, ಧೂಳು, ತೂತು ನಡುವಿಗೆ ಬಾರದ ಪ್ಲೇಟಿನಲ್ಲಿ ಶ್ರುತಿ ಅಲುಗಾಟ. "ಅನಲಾಗ್ ಸದ್ದು ಬೆಚ್ಚಗಿರುತ್ತೆ" ಅನ್ನುವವರಿಗೆ 2022 ನೆನಪಿಸುತ್ತೇನೆ. ಮೊಬೈಲ್ ಫಿಡೆಲಿಟಿ ಅನ್ನುವ ಕಂಪನಿಯ ದುಬಾರಿ ಪ್ಲೇಟುಗಳನ್ನು ಶುದ್ಧ ಅನಲಾಗ್, ಡಿಜಿಟಲ್ ಮುಟ್ಟೇ ಇಲ್ಲ ಅಂತ ಜನ ಹಾಡಿ ಹೊಗಳುತ್ತಿದ್ದರು. ಎಷ್ಟೋ ಪ್ಲೇಟುಗಳಲ್ಲಿ ಮೂಲ ಟೇಪಿಗೂ ಕೊರೆಯುವ ಯಂತ್ರಕ್ಕೂ ನಡುವೆ ಡಿಜಿಟಲ್ ಫೈಲ್ ಇದೆ ಅಂತ ಆ ವರ್ಷ ಹೊರಗೆ ಬಂತು. ವರ್ಷಗಟ್ಟಲೆ ಕೇಳಿದ ಚಿನ್ನದ ಕಿವಿಗಳಿಗೆ ಗೊತ್ತಾಗಲೇ ಇಲ್ಲ.

ಶ್ರುತಿಪೆಟ್ಟಿಗೆ:
ಬಂದರಪ್ಪ. ಪ್ರತಿ ಚರ್ಚೆಗೂ ಒಬ್ಬರು.

ಮೊನೆ:
ಅವರು ಹೇಳಿದ್ದು ಸರಿಯೇ ಇದೆ, ಸಿಟ್ಟಾಗುವುದೇನೂ ಇಲ್ಲ. ಆ ಪ್ಲೇಟುಗಳು ಚೆನ್ನಾಗಿ ಕೇಳಿಸುತ್ತಿದ್ದವು ಅನ್ನುವುದೂ ಅಷ್ಟೇ ಸತ್ಯ. ಜನ ಸಿಟ್ಟಾಗಿದ್ದು ಹೇಳದೆ ಇದ್ದದ್ದಕ್ಕೆ.

ಒಂದು ಮಾತು ಸೇರಿಸುತ್ತೇನೆ. ಪ್ಲೇಟಿಗೆ ಹೋಗುವ ಸದ್ದು ಎಂದೂ "ಇದ್ದ ಹಾಗೆ" ಇರುವುದೇ ಇಲ್ಲ. ಬಾಸ್ ಹಾಗೇ ಕೊರೆದರೆ ಗೆರೆ ಪಕ್ಕದ ಗೆರೆಗೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗ ಬಾಸ್ ತಗ್ಗಿಸಿ, ಚುರುಕು ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ನಮ್ಮ ಫೋನೋ ಪ್ರಿಆಂಪ್ (ಮುಳ್ಳಿನ ಸಣ್ಣ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ) ಅದನ್ನು ತಿರುಗಾ ಮುರುಗಾ ಮಾಡಿ ಸರಿಮಾಡುತ್ತದೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ ಇತ್ತು, 1954ರಿಂದ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಆರ್‌ಐಎಎ ಅಳತೆ ನೆಲೆನಿಂತಿತು. ಸ್ಟೀರಿಯೋ ಪ್ಲೇಟಿನಲ್ಲಿ ತಳದ ಬಾಸನ್ನು ಎಡ ಬಲ ಎರಡರಲ್ಲೂ ಒಂದೇ ಆಗುವಂತೆ ನಡುವಿಗೆ ತರುತ್ತಾರೆ, ಇಲ್ಲವಾದರೆ ಮುಳ್ಳು ಮೇಲೆ ಕೆಳಗೆ ಹಾರಿ ಗೆರೆಯಿಂದ ಆಚೆ ಬೀಳಬಹುದು. ಹೀಗೆ ಎಲ್‌ಪಿಗೆಂದೇ ಬೇರೆ ಮಾಸ್ಟರಿಂಗ್ (ಕೊನೆಯ ಸದ್ದಿನ ಹೊಂದಿಕೆ) ಮಾಡಿದ್ದರೆ ಅದು ಸಿಡಿಗಿಂತ ಚೆನ್ನಾಗಿ ಕೇಳಿಸಬಹುದು. ಅದು ಮಾಡಿದವರ ಕೈಗುಣ, ವಿನೈಲ್‌ನ ಪವಾಡ ಅಲ್ಲ.

ಅಂಕಿಅಂಶ:
ಒಪ್ಪಿದೆ. ಅಂದಹಾಗೆ ನನ್ನ ಹತ್ತಿರವೂ ಟರ್ನ್‌ಟೇಬಲ್ ಇದೆ. ಸದ್ದಿಗಾಗಿ ಅಲ್ಲ. ಫೋನಿನಲ್ಲಿ ಕೇಳುವಾಗ ನಲವತ್ತು ಸೆಕೆಂಡಿಗೆ ಮುಂದಿನ ಹಾಡಿಗೆ ಹಾರುವ ಬೆರಳು ಇಲ್ಲಿ ತೆಪ್ಪಗಿರುತ್ತದೆ.

ಗುನುಗು:
ಅಂಕಿಅಂಶ ಅವರೇ, ಅಂದರೆ ನೀವು ನನ್ನ ಕಡೆ!

ಅಂಕಿಅಂಶ:
ಮೂರನೇ ಹಾಡಿನ ತನಕ ನಿಮ್ಮ ಕಡೆ.

ನಿಧಾನಿ:
ಪೂರ್ತಿ ಕೇಳುವವರಿಗೆ ಒಂದು ಅಪಾಯ ಇದೆ, ನಿದ್ದೆ. ನನ್ನದು ಆಟೋಮ್ಯಾಟಿಕ್ ಅಲ್ಲ. ರಾತ್ರಿ ಹಾಕಿ ಕಣ್ಣು ಮುಚ್ಚಿದರೆ ಎಚ್ಚರ ಆದಾಗ ಮುಳ್ಳು ಲೇಬಲ್ ಪಕ್ಕದ ಖಾಲಿ ಗೆರೆಯಲ್ಲಿ ಟಕ್... ಟಕ್... ಅಂತ ಸುತ್ತುತ್ತಿರುತ್ತದೆ. ಗಂಟೆಗಟ್ಟಲೆ ಸುತ್ತಿದರೆ ಮುಳ್ಳು ಸವೆಯುತ್ತದಾ?

ಮೊನೆ:
ಸವೆಯುತ್ತದೆ. ವಜ್ರದ ಮೊನೆಗೆ ಸಾಮಾನ್ಯವಾಗಿ 500ರಿಂದ 1000 ಗಂಟೆ ಆಯಸ್ಸು ಅನ್ನುತ್ತಾರೆ, ನಿದ್ದೆಯ ಗಂಟೆಗಳೂ ಅದಕ್ಕೇ ಸೇರುತ್ತವೆ. ಟೋನ್‌ಆರ್ಮ್ (ಮುಳ್ಳು ಹಿಡಿದ ತೋಳು) ಪಕ್ಕದಲ್ಲಿ ಕೂರಿಸುವ ಪುಟ್ಟ ಲಿಫ್ಟರ್ ಸಿಗುತ್ತದೆ, ಸೈಡ್ ಮುಗಿದ ಕೂಡಲೇ ತೋಳನ್ನು ಎತ್ತಿ ನಿಲ್ಲಿಸುತ್ತದೆ. ಹಾಕಿಸಿ.

ರಾತ್ರಿಪಾಳಿ:
ಹಾಡು ಆರಿಸಿ ಕೇಳುವವರಿಗೆ ನಿದ್ದೆ ಬರುವುದಿಲ್ಲ ನೋಡಿ, ಮೂರು ನಿಮಿಷಕ್ಕೊಮ್ಮೆ ವ್ಯಾಯಾಮ.

ಶ್ರುತಿಪೆಟ್ಟಿಗೆ:
ಈ ಚರ್ಚೆಗೆ ಸಂಬಂಧವೇ ಇಲ್ಲದ ಸಂಗತಿ, ಆದರೂ ಹೇಳುತ್ತೇನೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ್ದೂ ಪ್ಲೇಟೇ. ತಾಮ್ರದ್ದು, ಚಿನ್ನದ ಲೇಪ, 12 ಇಂಚು. ವೇಗ ಮಾತ್ರ 16⅔, ಜಾಸ್ತಿ ಹೊತ್ತು ಹಿಡಿಸಲಿ ಅಂತ. ಜೊತೆಗೆ ಮುಳ್ಳು, ಅದನ್ನು ಹಿಡಿಯುವ ಕಾರ್ಟ್ರಿಡ್ಜ್ ಕೂಡ ಇಟ್ಟಿದ್ದಾರೆ, ಹೇಗೆ ನುಡಿಸಬೇಕು ಅನ್ನುವ ಚಿತ್ರ ಮೇಲಿನ ಕವರಿನ ಮೇಲೆ ಇದೆ. ಅದರಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. ಮೂರುವರೆ ನಿಮಿಷ ಅಷ್ಟೇ.

ತಮ್ಮ_ನಾನೇ:
ಅನ್ಯಗ್ರಹದವರೂ ನೇರ ಭೈರವಿಗೇ ಮುಳ್ಳು ಇಡುತ್ತಾರೆ, ಬರೆದಿಟ್ಟುಕೊಳ್ಳಿ.

ಶ್ರುತಿಪೆಟ್ಟಿಗೆ:
ಅವರಿಗೆ ರುಚಿ ಇದ್ದರೆ ಖಂಡಿತ. ಅದಕ್ಕೆ ಮಾತ್ರ ಕ್ಷಮೆ ಇದೆ.

ಹೊಸಬ:
ನನಗೆ ಇನ್ನೊಂದು ಅನುಮಾನ. ಸೂಟ್‌ಕೇಸ್ ಥರ ಇರುವ ಪ್ಲೇಯರ್ ಇದೆ, ಸ್ಪೀಕರ್ ಅದರಲ್ಲೇ ಇದೆ. ಸಾಕಾ? ಸೈಡಿನ ಕೊನೇ ಹಾಡು ನನಗೆ ಯಾವಾಗಲೂ ಒಡೆದ ಹಾಗೆ ಕೇಳಿಸುತ್ತದೆ.

ಕಪಾಟು:
ಕೇಳುವುದಕ್ಕೆ ಶುರು ಮಾಡಿದ್ದೀರಲ್ಲ, ಸಾಕು. ನಿಧಾನಕ್ಕೆ ಬದಲಿಸಿ.

ಮೊನೆ:
ನಾನು ಅಷ್ಟು ಧಾರಾಳಿ ಅಲ್ಲ. ಆ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ, ಪ್ಲೇಟಿನ ಮೇಲೆ 5 ಗ್ರಾಂ ಆಸುಪಾಸು ಭಾರ ಹಾಕುತ್ತದೆ. ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ 2 ಗ್ರಾಂ ಸಾಕು. ಭಾರ ಸರಿಮಾಡುವುದಕ್ಕೂ ಅದರಲ್ಲಿ ದಾರಿ ಇರುವುದಿಲ್ಲ. ಮೊನೆ ದುಂಡು, ಅದಕ್ಕೇ ಕೊನೇ ಹಾಡು ಒಡೆಯುತ್ತದೆ. ಹಿಂದೆ ಭಾರದ ಗುಂಡು ಇರುವ ಟೋನ್‌ಆರ್ಮ್, ಬದಲಿಸಬಹುದಾದ ಕಾರ್ಟ್ರಿಡ್ಜ್, ಅಂಡಾಕಾರದ ಮೊನೆ, ಇಷ್ಟು ಇರುವ ಬಳಸಿದ ಪ್ಲೇಯರ್ ಸಿಕ್ಕರೂ ತಗೊಳ್ಳಿ. ಜೊತೆಗೆ ಮುಳ್ಳಿನ ಭಾರ ತೂಗುವ ಪುಟ್ಟ ತಕ್ಕಡಿ, ಕಾರ್ಟ್ರಿಡ್ಜ್ ಕೋನ ನೋಡುವ ಗೆರೆ ಹಾಕಿದ ಕಾಗದ. ಬೆಲ್ಟು ಸಡಿಲ ಆಗಿದೆಯಾ ಅಂತಲೂ ನೋಡಿ. ಆಮೇಲೆ ಆ ಕೊನೇ ಹಾಡು ಕೇಳಿ ಬಂದು ಹೇಳಿ.

ಸೈಡ್‌ಬಿ:
ಮತ್ತೆ ಬ್ರಷ್. ಕಾರ್ಬನ್ ಬ್ರಷ್ ಮರೆಯಬೇಡಿ. ಪ್ಲೇಟು ತಿರುಗುತ್ತಿರುವಾಗ ಗೆರೆಯ ಮೇಲೆ ಹಗುರವಾಗಿ ಹಿಡಿದರೆ ಧೂಳೆಲ್ಲ ಒಂದು ಬೂದು ಗೆರೆಯಾಗಿ ಕೂಡಿ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಅಂಚಿನ ಕಡೆ ಎಳೆದು ತೆಗೆಯುವುದು. ಒಣ ಹವೆ ಇದ್ದರೆ ಪ್ಲೇಟನ್ನು ಚೀಲದಿಂದ ಎಳೆಯುವಾಗಲೇ ಚಟಚಟ ಅನ್ನುತ್ತದೆ, ಮುಂಗೈ ಕೂದಲು ನಿಮಿರುತ್ತದೆ. ಆ ಸ್ಥಿತಿಯಲ್ಲಿ ಬಟ್ಟೆಯಿಂದ ಉಜ್ಜಿದರೆ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ.

ರಾತ್ರಿಪಾಳಿ:
ನಾನೂ ದೀಪದ ಕೆಳಗೆ ಪ್ಲೇಟು ಹಿಡಿದು ಕೂತಿದ್ದೇನೆ, ಈ ಚರ್ಚೆಯ ಪ್ರಭಾವ. ಕೊನೇ ಹಾಡು ಮುಗಿದ ಮೇಲೆ, ಲೇಬಲ್ ಸುತ್ತ ಖಾಲಿ ಜಾಗದಲ್ಲಿ ಏನೋ ಸಂಖ್ಯೆ ಕೆತ್ತಿದೆ. ಪಕ್ಕದಲ್ಲಿ ಕೈಯಲ್ಲಿ ಗೀಚಿದ ಎರಡು ಅಕ್ಷರ. ಯಾರದೋ ಪ್ಲೇಟಾ?

ಅರಗು78:
ಅದು ಮ್ಯಾಟ್ರಿಕ್ಸ್ ನಂಬರ್. ಯಾವ ಕೊರೆತದಿಂದ ಆ ಪ್ಲೇಟು ಬಂತು ಅನ್ನುವ ಗುರುತು. ಕೈಬರಹ ಹೆಚ್ಚಾಗಿ ಕೊರೆದ ಎಂಜಿನಿಯರದ್ದು. ಬ್ರಿಟನ್ನಿನ ಜಾರ್ಜ್ ಪೆಕಮ್ ತಾನು ಕೊರೆದ ಪ್ಲೇಟುಗಳಲ್ಲಿ "ಎ ಪೋರ್ಕಿ ಪ್ರೈಮ್ ಕಟ್" ಅಂತ ಬರೆಯುತ್ತಿದ್ದರು. ಸಂಗ್ರಹ ಮಾಡುವವರು ಅದನ್ನು ಕಂಡರೆ ಬಿಡುವುದಿಲ್ಲ. ಕವರ್ ಒಂದೇ ಇದ್ದರೂ ಈ ನಂಬರ್ ಬೇರೆ ಇದ್ದರೆ ಸದ್ದೂ ಬೇರೆ ಇರಬಹುದು. ಅದಕ್ಕೇ ನಾವು ಕೊಳ್ಳುವ ಮೊದಲು ಕವರ್ ನೋಡುವುದಕ್ಕಿಂತ ಅಲ್ಲಿ ಟಾರ್ಚ್ ಬಿಡುವುದು.

ರಾತ್ರಿಪಾಳಿ:
ಎ ಸೈಡಿನಲ್ಲಿ ಸಂಖ್ಯೆಯ ಕೊನೆಗೆ 2 ಇದೆ, ಬಿ ಸೈಡಿನಲ್ಲಿ 5. ಎರಡು ಬೇರೆ ಪ್ಲೇಟು ಅಂಟಿಸಿದ್ದಾರಾ?

ಅರಗು78:
ಅಲ್ಲ. ಬಿ ಸೈಡನ್ನು ಹೆಚ್ಚು ಸಲ ಕೊರೆದಿದ್ದಾರೆ ಅಷ್ಟೇ. ಮೊದಲ ಲ್ಯಾಕರ್‌ಗಳು (ಹಾಡು ಕೊರೆಯುವ ಮೂಲ ತಟ್ಟೆಗಳು) ಕೆಟ್ಟಿರಬಹುದು, ಅಚ್ಚು ಸವೆದಿರಬಹುದು, ಸದ್ದು ಹಿಡಿಸದೆ ಮತ್ತೆ ಕೊರೆದಿರಬಹುದು. ಎರಡೂ ಸೈಡಿಗೆ ಒಂದೇ ಸಂಖ್ಯೆ ಇರಬೇಕು ಅಂತೇನೂ ಇಲ್ಲ. ಪೂರ್ತಿ ನಂಬರ್ ಇಲ್ಲಿ ಹಾಕಿ, ಆ ಗೀಚು ಯಾರದ್ದು ಅಂತ ಹುಡುಕೋಣ.